ಅಮ್ಮನಿಗೆ ಓದಿ ಹೇಳಿ

ಆಲಿಸ್ ಸ್ಪ್ರಿಂಗ್ಸ್, ಆಸ್ಟ್ರೇಲಿಯಾ
ಮೇ 11

ತೀರ್ಥರೂಪು ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಪುಟ್ಟಿಯ ಪರೀಕ್ಷೆ ಮುಗಿದಿರಬೇಕು, ಅತ್ತೆ ಮನೆಯ ಗೃಹಪ್ರವೇಶಕ್ಕೂ ಹೋಗಿ ಬಂದಿರುತ್ತೀರಿ. ನಿಮ್ಮ ಪತ್ರ ಬಂತು. ಅಮ್ಮನ ಬಿಪಿ 170 ಮುಟ್ಟಿದೆ, ಕಾಲು ಬಾತಿದೆ ಅಂತ ಡಾಕ್ಟರನ್ನು ಕೇಳದೆ ಮಾತ್ರೆ ಬಿಟ್ಟಿದ್ದಾಳೆ, ರಾತ್ರಿ ಎದ್ದು ಕೂರುತ್ತಾಳೆ ಅಂತ ಬರೆದಿದ್ದೀರಿ. ‘ದಾರಿಯೇ ಇಲ್ಲದ ಕಡೆ, ಮನೆಯಲ್ಲಿ ವೆಲ್ಡಿಂಗ್ ಮಾಡಿಕೊಂಡ ಗಾಡಿಯಲ್ಲಿ ಹೋಗ್ತಾನಂತೆ’ ಅಂತ ಚಿಕ್ಕಪ್ಪ ಆಡಿದ ಮಾತೇ ಇದಕ್ಕೆಲ್ಲ ಕಾರಣ ಅಂತ ಕಾಣುತ್ತದೆ. ಹಾಗಾಗಿ ಗಾಡಿಗೆ ಏನು ಮಾಡಿದೆ, ಯಾಕೆ ಮಾಡಿದೆ ಅಂತ ಬಿಡಿಸಿ ಬರೆಯುತ್ತೇನೆ. ಜೀಪಿನ ಕೆಲಸ ನಿಮಗೆ ಗೊತ್ತು. ಓದಿ, ಅಮ್ಮನಿಗೆ ತಿಳಿಯುವ ಹಾಗೆ ಹೇಳಿ. ಆದರೆ ಅದಕ್ಕೂ ಮೊದಲು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಗಾಡಿ ಹಳೆಯದು ನಿಜ, ಗುಜರಿಯಲ್ಲ. ಟೊಯೋಟಾ ಲ್ಯಾಂಡ್ ಕ್ರೂಸರ್ 75 ಸರಣಿಯ ಟ್ರೂಪ್ ಕ್ಯಾರಿಯರ್. ಇಲ್ಲಿ ಎಲ್ಲರ ಬಾಯಲ್ಲಿ ಅದು ಟ್ರೂಪಿ. ಆರು ಸಿಲಿಂಡರಿನ 4.2 ಲೀಟರ್ ಡೀಸೆಲ್ ಎಂಜಿನ್, ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ, ಡೀಸೆಲ್ ಪಂಪು ಪೂರಾ ಮೆಕ್ಯಾನಿಕಲ್. ಹಿಂದೆ ಮುಂದೆ ಎರಡೂ ಕಡೆ ಪಟ್ಟಿ ಸ್ಪ್ರಿಂಗು. ತಲಾ 90 ಲೀಟರಿನ ಎರಡು ಟ್ಯಾಂಕು. ‘ಹೊಸದು ತಗೊಳ್ಳೋದು ಬಿಟ್ಟು ಇದಕ್ಯಾಕೆ ದುಡ್ಡು ಸುರಿದದ್ದು’ ಅಂತ ಕೇಳಿದ್ದೀರಿ. ಹೊಸ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹಿಡಿದ ಮಸಿಯನ್ನು ಅದು ಸುಡುವಾಗ 600 ಡಿಗ್ರಿಯ ಹತ್ತಿರ ಕಾಯುತ್ತದೆ. ಮೊಣಕಾಲೆತ್ತರದ ಒಣಹುಲ್ಲಿನ ಮೇಲೆ ಹೋಗುವ ಗಾಡಿಯ ಹೊಟ್ಟೆಯಡಿ ಅಂಥದ್ದು ಬೇಡ.

ದಾರಿ ಬಿಟ್ಟು ಇಳಿದ ಮೇಲೆ ಇಲ್ಲಿನವರು ಎಲ್ಲಕ್ಕಿಂತ ಹೆದರುವುದು ಈ ಹುಲ್ಲಿಗೇ. ಹೆಸರು ಸ್ಪಿನಿಫೆಕ್ಸ್. ಮುಳ್ಳುಹಂದಿ ಮುದುರಿ ಕೂತ ಹಾಗೆ ಗುಂಪುಗುಂಪಾಗಿ ಬೆಳೆಯುತ್ತದೆ. ಕೆಲವು ಜಾತಿಗಳಲ್ಲಿ ಅಂಟುರಾಳ ಇರುವುದರಿಂದ ಹಸಿ ಇದ್ದರೂ ಧಗ್ಗನೆ ಹತ್ತಿಕೊಳ್ಳುತ್ತದೆ. ಇದರಿಂದ ತೊಂದರೆ ಎರಡು ಥರ. ಕಾಳು, ಹೊಟ್ಟು ಹಾರಿ ರೇಡಿಯೇಟರಿನ ಸಂದಿಗೆ ಕೂತು ಎಂಜಿನ್ ಕಾಯುವುದು ಒಂದು. ಕಿತ್ತುಬಂದ ಹುಲ್ಲು ಸೈಲೆನ್ಸರ್ ಪೈಪಿಗೂ ಚಾಸಿಗೂ ನಡುವೆ, ಗೇರ್‌ಬಾಕ್ಸಿನ ಅಡ್ಡಪಟ್ಟಿಯ ಮೇಲೆ ಒತ್ತಾಗಿ ತುಂಬಿಕೊಂಡು ಹೊಗೆಯಾಡಲು ಶುರುವಾಗುವುದು ಇನ್ನೊಂದು. ಎರಡನೆಯದರಲ್ಲಿ ಗಾಡಿಗಳು ಪೂರ್ತಿ ಸುಟ್ಟುಹೋಗುತ್ತವೆ.

ರೇಡಿಯೇಟರಿಗೆ ಉಪಾಯ ಸುಲಭ. 12 ಮಿಲಿಮೀಟರಿನ ಚೌಕ ಪೈಪಿನಲ್ಲಿ ಗ್ರಿಲ್ಲಿಗಿಂತ ದೊಡ್ಡದಾದ ಚೌಕಟ್ಟು ಮಾಡಿ, ಕಿಟಕಿಯ ಅಲ್ಯೂಮಿನಿಯಂ ಸೊಳ್ಳೆ ಜಾಲರಿಯನ್ನು ಬಿಗಿದು, ರೆಕ್ಕೆ ನಟ್ಟಿನಿಂದ ಮುಂದೆ ಕೂರಿಸುವುದು. ಬಂಪರಿನ ಕೆಳಗಿನ ಸಂದಿಗೂ ಒಂದು ತುಂಡು ಬೇಕೇ ಬೇಕು, ಅರ್ಧ ಹೊಟ್ಟು ಒಳಗೆ ನುಗ್ಗುವುದು ಅಲ್ಲಿಂದಲೇ. ಜಾಲರಿ ಸಣ್ಣದಿದ್ದಷ್ಟೂ ಕಾಳು ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಅದಕ್ಕೇ ಟೆಂಪರೇಚರ್ ಮುಳ್ಳು ಮಾಮೂಲಿಗಿಂತ ಒಂದು ಕೂದಲು ಮೇಲೆ ಹೋದರೂ ನಿಲ್ಲಿಸಿ ಬ್ರಶ್ಶಿನಿಂದ ಕೆಡವಬೇಕು, ಡಾಂಬರು ರಸ್ತೆಗೆ ಬಂದ ಕೂಡಲೇ ಜಾಲರಿ ಬಿಚ್ಚಿಡಬೇಕು.

ಹೊಟ್ಟೆಯಡಿಯ ವಿಷಯದಲ್ಲಿ ತುಂಬ ಜನ ತಪ್ಪುವುದು ಎಲ್ಲಿ ಅಂದರೆ, ಕಲ್ಲು ತಾಗದಿರಲಿ ಅಂತ ಎಂಜಿನ್ನಿನಿಂದ ಗೇರ್‌ಬಾಕ್ಸಿನವರೆಗೆ ಅಖಂಡ ತಗಡು ಹಾಕಿಸುತ್ತಾರೆ. ಆ ತಗಡಿನ ಮೇಲೆ ಹುಲ್ಲು ತುಂಬಿಕೊಳ್ಳುತ್ತದೆ, ಕೆಳಗಿನಿಂದ ನೋಡಿದರೆ ಕಾಣುವುದೂ ಇಲ್ಲ. ನಮ್ಮದರಲ್ಲಿ ತಗಡಿನ ಬದಲು ಒಂದು ಇಂಚಿನ ದಪ್ಪ ಪೈಪುಗಳನ್ನು ಉದ್ದಕ್ಕೆ, ಒಂದೊಂದಕ್ಕೆ ಅಂಗೈಯಗಲ ಸಂದಿ ಬಿಟ್ಟು ಹಾಕಿದೆ. ಸತ್ತ ಮರದ ಮೋಟು ತಾಗಿದರೆ ಪೈಪು ತಡೆಯುತ್ತದೆ, ಹುಲ್ಲು ಸಂದಿಯಲ್ಲಿ ಉದುರುತ್ತದೆ, ಉದುರದಿದ್ದರೆ ಕೈಗಾದರೂ ಎಟುಕುತ್ತದೆ. 6 ಮಿಲಿಮೀಟರ್ ಸರಳಿನ ತುದಿ ಬಗ್ಗಿಸಿದ ಕೊಕ್ಕೆಯೊಂದು ಡ್ರೈವರಿನ ಬಾಗಿಲಲ್ಲೇ ಇರುತ್ತದೆ. ಹುಲ್ಲು ದಟ್ಟ ಇದ್ದಲ್ಲಿ ಐದು ಕಿಲೋಮೀಟರಿಗೊಮ್ಮೆ ನಿಂತು, ಚರ್ಮದ ಗ್ಲೌಸ್ ಹಾಕಿ, ಅಡಿ ಮಲಗಿ ಎಳೆದು ತೆಗೆಯುವುದು ನಿಯಮ. ನಿಲ್ಲುವುದು ಬರಿ ಮಣ್ಣಿನ ಮೇಲೆ ಮಾತ್ರ. ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಹುಲ್ಲು ತೆಗೆಯಲು ಹೋಗುವುದು ಶುದ್ಧ ಅವಿವೇಕ.

ಇಷ್ಟಾಗಿಯೂ ಹೊಗೆ ಬಂತು ಅನ್ನಿ. ಬೆಂಕಿ ನಂದಿಸುವ ಪೌಡರ್ ಸಿಲಿಂಡರು ಇದೆ, ಅದು ಜ್ವಾಲೆಯನ್ನು ಕೊಲ್ಲುತ್ತದೆ. ಆದರೆ ಒತ್ತಿ ಕೂತ ಹುಲ್ಲಿನೊಳಗಿನ ಕೆಂಡ ಹಾಗೇ ಉಳಿದು ಮತ್ತೆ ಹತ್ತುತ್ತದೆ. ಅದಕ್ಕೆ ನೀರೇ ಆಗಬೇಕು. ನೀವು ಗಿಡಗಳಿಗೆ ಔಷಧಿ ಹೊಡೆಯುತ್ತೀರಲ್ಲ, ಅಂಥದೇ 8 ಲೀಟರಿನ ಕೈಪಂಪು, ಉದ್ದ ನಳಿಗೆಯದು. ಯಾವಾಗಲೂ ತುಂಬಿ, ಪಂಪು ಒತ್ತಿ ಸಿದ್ಧವಾಗಿಟ್ಟು ಹಿಂಬಾಗಿಲಿನ ಒಳಗೆ ಮೊದಲು ಕೈಗೆ ಸಿಗುವಲ್ಲಿ ಕಟ್ಟಿರುತ್ತದೆ. ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ರಾಳದ ಹುಲ್ಲಿಗೂ ನೀರು ಹಿಡಿಯುತ್ತದೆ. ಅಮ್ಮ ‘ಬೆಂಕಿ ಬಿದ್ದರೆ’ ಅಂತ ಅತ್ತಳಂತೆ. ಇದನ್ನು ಅವಳಿಗೆ ಎರಡು ಸಲ ಓದಿ.

ಇನ್ನು ಟೈರು. ಮುಲ್ಗಾ ಅನ್ನುವ ಮರ ಇಲ್ಲಿ ಎಲ್ಲೆಲ್ಲೂ. ಕಾಡುಬೆಂಕಿಯಲ್ಲಿ ಸತ್ತ ಮುಲ್ಗಾದ ಮೋಟು ಹುಲ್ಲಿನೊಳಗೆ ಕಾಣದೆ ನಿಂತಿರುತ್ತದೆ, ಕಬ್ಬಿಣದ ಗಟ್ಟಿ, ತುದಿ ಚೂಪು. ಅದು ಚುಚ್ಚುವುದು ಟೈರಿನ ಪಕ್ಕಕ್ಕೆ. ಹಾಗಾಗಿ ಅಗಲ ಟೈರಿನ ಶೋಕಿ ಇಲ್ಲ. ಕಿರಿದಾದ, ಎತ್ತರದ 7.50-16 ಟೈರು, ಟ್ಯೂಬು ಹಾಕಿದ್ದು, ಲಾರಿಗಿರುವಂತೆ ರಿಂಗ್ ಬಿಚ್ಚುವ ಡಿಸ್ಕು. ಎರಡು ಲಿವರ್, ಒಂದು ಸುತ್ತಿಗೆ ಇದ್ದರೆ ಮರದ ನೆರಳಲ್ಲಿ ಬಿಚ್ಚಬಹುದು. ಎರಡು ಸ್ಟೆಪ್ನಿ, ನಾಲ್ಕು ಟ್ಯೂಬು, ಪ್ಯಾಚು, ಸೊಲ್ಯೂಷನ್ನು, ಜೊತೆಗೆ ಹರಿದ ಟೈರಿನ ಒಳಗೆ ಆಸರೆಗೆ ಇಡುವ, ಹಳೆ ಟೈರಿನಿಂದ ಕುಯ್ದ ಗೇಟರ್ ತುಂಡುಗಳು. ಟೈರಿನ ಒಳಗೆ ಕಂಪನಿ ಅಂಟಿಸಿದ ಲೇಬಲ್ ಇದ್ದರೆ ಕೆರೆದು ತೆಗೆಯಲೇಬೇಕು, ಇಲ್ಲದಿದ್ದರೆ ಅದೇ ಟ್ಯೂಬನ್ನು ತಿಂದುಹಾಕುತ್ತದೆ. ಟ್ಯೂಬಿಗೆ ಪೌಡರ್ ಸವರಿ ಹಾಕುತ್ತೇವೆ. ಗಾಳಿ ತುಂಬುವಾಗ ರಿಂಗ್ ಎಗರಿ ಜೀವ ಹೋದದ್ದು ನಿಮ್ಮ ಕಡೆಯ ಲಾರಿ ಶೆಡ್ಡುಗಳಲ್ಲೂ ಉಂಟಲ್ಲ, ಇಲ್ಲಿ ಡಿಸ್ಕಿಗೆ ಸರಪಣಿ ಸುತ್ತಿ, ರಿಂಗಿನ ಮುಖ ನೆಲಕ್ಕೆ ಮಾಡಿ, ಉದ್ದ ಪೈಪಿನಿಂದ ದೂರ ನಿಂತು ಗಾಳಿ ಬಿಡುವುದು ಕಡ್ಡಾಯ.

ಗಾಳಿಯ ಲೆಕ್ಕ ಕೇಳಿದರೆ ನೀವು ಬೆರಗಾಗುತ್ತೀರಿ. ಮರಳಿನ ದಿಬ್ಬ ಹತ್ತಬೇಕಾದರೆ 40 ಪೌಂಡಿನ ಟೈರಿನಿಂದ ಬೇಕೆಂದೇ ಗಾಳಿ ಬಿಟ್ಟು 18ಕ್ಕೆ ಇಳಿಸುತ್ತಾರೆ. ಟೈರು ಉದ್ದಕ್ಕೆ ಹರಡಿ ಮರಳ ಮೇಲೆ ತೇಲುತ್ತದೆ. ಟ್ಯೂಬ್ ಟೈರಿಗೆ ಅದಕ್ಕಿಂತ ಕೆಳಗೆ ಹೋಗಬಾರದು, ಡಿಸ್ಕು ಒಳಗೇ ತಿರುಗಿ ವಾಲ್ವು ಕಿತ್ತುಬರುತ್ತದೆ. ಮುಲ್ಗಾ ಇರುವಲ್ಲಿ ಮತ್ತೆ 35ಕ್ಕೆ ಏರಿಸಬೇಕು, ಯಾಕಂದರೆ ಮೆತ್ತಗಿನ ಟೈರಿನ ಪಕ್ಕ ಉಬ್ಬಿ ಮೋಟಿಗೆ ಸಿಕ್ಕಿಬೀಳುತ್ತದೆ. ಇಳಿಸು, ಏರಿಸು, ದಿನವಿಡೀ ಇದೇ ಕೆಲಸ. ಸೋಮಾರಿತನ ಮಾಡಿದವರಿಗೇ ಪಂಕ್ಚರು ಜಾಸ್ತಿ.

ಮೋಟು ಟೈರಿಗೆ ತಪ್ಪಿದರೆ ಬ್ರೇಕ್ ಪೈಪಿಗೆ ಬೀಳುತ್ತದೆ. ತೋಟದ ಡ್ರಿಪ್ಪಿನ 16 ಮಿಲಿಮೀಟರ್ ಕಪ್ಪು ಪೈಪನ್ನು ಉದ್ದಕ್ಕೆ ಸೀಳಿ, ಚಾಸಿನ ಮೇಲಿನ ಬ್ರೇಕ್ ಪೈಪು, ಡೀಸೆಲ್ ಪೈಪು, ವೈರಿಂಗು ಎಲ್ಲಕ್ಕೂ ತೊಡಿಸಿ ಟೈ ಹಾಕಿದೆ. ಸೈಲೆನ್ಸರಿನ ಹತ್ತಿರ ಮಾತ್ರ ಅದು ಕರಗುತ್ತದೆ, ಅಲ್ಲಿ ಕಬ್ಬಿಣದ ಕೊಳವೆ. ಶಾಕ್ ಅಬ್ಸಾರ್ಬರ್ ಮುಂದೆ ಕನ್ವೇಯರ್ ಬೆಲ್ಟಿನ ರಬ್ಬರ್ ತುಂಡು. ಮುಂದಿನ ಬಂಪರಿನ ಎರಡು ಮೂಲೆಯಿಂದ ಛಾವಣಿಯ ಕ್ಯಾರಿಯರಿಗೆ 5 ಮಿಲಿಮೀಟರಿನ ಉಕ್ಕಿನ ಕೇಬಲ್ ಎಳೆದು ಬಿಗಿದಿದೆ, ಕೊಂಬೆಗಳು ಗಾಜಿಗೆ ಬಡಿಯದೆ ಮೇಲೆ ಜಾರುತ್ತವೆ. ಬದಿಗೆ ಬಾಗಿಲಿನಡಿ ಎರಡಿಂಚು ಪೈಪು. ಡಿಫ್ರೆನ್ಷಿಯಲ್ಲಿನ ಗಾಳಿಗಂಡಿಗೆ ಸಣ್ಣ ಹೋಸು ಜೋಡಿಸಿ ಬಾನೆಟ್ಟಿನೊಳಗೆ ತಂದಿದೆ, ಇಲ್ಲದಿದ್ದರೆ ಕಾದ ಹೌಸಿಂಗು ನೀರಿಗಿಳಿದಾಗ ಆಯಿಲಿನೊಳಗೆ ನೀರೆಳೆದುಕೊಳ್ಳುತ್ತದೆ.

ಮುರಿದರೆ ಅಂತೀರಾ? ಎರಡು 12 ವೋಲ್ಟಿನ ಬ್ಯಾಟರಿ ಇವೆ. ಎರಡನ್ನೂ ಗಾಡಿಯಿಂದ ಬಿಚ್ಚಿ ಕೆಳಗಿಟ್ಟು, ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಜೋಡಿಸಿದರೆ 24 ವೋಲ್ಟು. ದಪ್ಪ ಕೇಬಲ್, 2.5 ಮಿಲಿಮೀಟರಿನ ರಾಡು, ಕಪ್ಪು ಗಾಜು ಇದ್ದರೆ ಮುರಿದ ಬ್ರಾಕೆಟ್ಟನ್ನು ಅಲ್ಲೇ ವೆಲ್ಡ್ ಮಾಡಬಹುದು. ಬ್ಯಾಟರಿಯಿಂದ ಹೈಡ್ರೋಜನ್ ಬರುವುದರಿಂದ ಕಿಡಿ ಬೀಳದಷ್ಟು ದೂರವಿಟ್ಟು ಒದ್ದೆ ಗೋಣಿ ಮುಚ್ಚಬೇಕು. ಅರ್ಧ ನಿಮಿಷ ಸುಟ್ಟು ಬ್ಯಾಟರಿ ತಣಿಯಲು ಬಿಡಬೇಕು. ಸುತ್ತ ಹುಲ್ಲು ಕೆರೆದು, ಪಂಪು ಹಿಡಿದು ಇನ್ನೊಬ್ಬರು ನಿಂತಿರಬೇಕು.

ನೀರು ಒಬ್ಬರಿಗೆ ದಿನಕ್ಕೆ 10 ಲೀಟರ್, ಅಂದುಕೊಂಡ ದಿನಗಳ ಮೇಲೆ ಇನ್ನೊಂದು ವಾರದ್ದು. ಎಲ್ಲ ಒಂದೇ ಟ್ಯಾಂಕಿನಲ್ಲಿ ಅಲ್ಲ. 60 ಲೀಟರ್ ಮುಂದಿನ ಸೀಟಿನ ಹಿಂದೆ, ಉಳಿದದ್ದು 20 ಲೀಟರಿನ ಕ್ಯಾನುಗಳಲ್ಲಿ. ಒಂದು ಒಡೆದರೂ ಉಳಿದವು ಇರುತ್ತವೆ. ಕುಲುಕಾಟಕ್ಕೆ ಕ್ಯಾನು ಬೋಲ್ಟಿಗೆ ಉಜ್ಜಿ ತೂತಾಗುತ್ತದೆ ಅಂತ ನಡುವೆ ರಬ್ಬರ್ ಮ್ಯಾಟು. ಡೀಸೆಲ್ಲು, ನೀರು ಸೇರಿಯೇ ಮುನ್ನೂರು ಕಿಲೋ ಹತ್ತಿರ ಬರುವುದರಿಂದ ಛಾವಣಿಯ ಮೇಲೆ ಹಗುರದ್ದು ಮಾತ್ರ. ಭಾರವೆಲ್ಲ ಎರಡು ಅಚ್ಚುಗಳ ನಡುವೆ, ಕೆಳಗೆ.

ದಾರಿ ತಪ್ಪುವ ಭಯ ಬೇಡ. ಬಂದ ಚಕ್ರದ ಗುರುತು ಇರುತ್ತದೆ, ಜಿಪಿಎಸ್ ಇದೆ, ದಿಕ್ಸೂಚಿ ಇದೆ. ಸ್ಯಾಟಲೈಟ್ ಫೋನಿನಲ್ಲಿ ಸಂಜೆ ಗೊತ್ತಾದ ಹೊತ್ತಿಗೆ ಕ್ಯಾಂಪಿಗೆ ಮಾತಾಡಲೇಬೇಕು, ಮಾತು ತಪ್ಪಿದರೆ ಅವರೇ ಹುಡುಕಿ ಹೊರಡುತ್ತಾರೆ. ಗುಂಡಿ ಒತ್ತಿದರೆ ಉಪಗ್ರಹಕ್ಕೆ ಸಂಕೇತ ಹೋಗುವ ಬೀಕನ್ ಸೊಂಟದಲ್ಲೇ. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬಾರದು ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. 1950ರ ದಶಕದಲ್ಲಿ ಲೆನ್ ಬೀಡೆಲ್ ಎಂಬ ಸರ್ವೇಯರು ಲ್ಯಾಂಡ್ ರೋವರಿನಲ್ಲಿ ಮುಲ್ಗಾದೊಳಗೆ ಮುಂದೆ ನುಗ್ಗಿ, ಕನ್ನಡಿಯಲ್ಲಿ ಬಿಸಿಲು ಮಿಂಚಿಸಿ ಹಿಂದಿನ ಬುಲ್ಡೋಜರಿಗೆ ದಿಕ್ಕು ತೋರಿಸಿ ಗನ್‌ಬ್ಯಾರೆಲ್ ಹೈವೇ ಮಾಡಿಸಿದರು. ಅಷ್ಟು ಕಡಿಮೆ ಸಾಧನದಲ್ಲಿ ಅವರು ಅಷ್ಟು ಮಾಡಿದ್ದಾರೆ. ಇನ್ನು ಅನುಮತಿ ಇಲ್ಲದೆ ಎಲ್ಲೂ ದಾರಿ ಬಿಡುವಂತಿಲ್ಲ. ಮೂಲನಿವಾಸಿಗಳ ಭೂಮಿಗೆ ಪರ್ಮಿಟ್ ಬೇಕು, ದನದ ಸ್ಟೇಷನ್ನುಗಳಲ್ಲಿ ಮ್ಯಾನೇಜರರ ಒಪ್ಪಿಗೆ ಬೇಕು. ಸ್ಟೇಷನ್ನು ಅಂದರೆ ಹಟ್ಟಿ, ತೋಟ ಅಂದುಕೊಳ್ಳಬೇಡಿ. ದಕ್ಷಿಣದ ಅನ್ನಾ ಕ್ರೀಕ್ ಸ್ಟೇಷನ್ ಒಂದೇ ನಮ್ಮ ಶಿವಮೊಗ್ಗ ಜಿಲ್ಲೆಯ ಹತ್ತಿರ ಹತ್ತಿರ ಎರಡು ಪಟ್ಟು ಇದೆ.

ಅಷ್ಟು ದೂರದವರಿಗೆ ಕಾಯಿಲೆಯಾದರೆ ವಿಮಾನದಲ್ಲಿ ಡಾಕ್ಟರ್ ಬರುತ್ತಾರೆ. 1928ರಿಂದಲೂ ಈ ಸೇವೆ ಇದೆ. ಅವರು ದೂರದ ಸ್ಟೇಷನ್ನುಗಳಲ್ಲಿ ಔಷಧಿ ಪೆಟ್ಟಿಗೆ ಇಟ್ಟಿರುತ್ತಾರೆ, ಒಳಗಿನ ಪ್ರತಿ ಔಷಧಿಗೂ ಒಂದು ನಂಬರು. ಡಾಕ್ಟರು ಫೋನಿನಲ್ಲಿ ‘ಇಂಥ ನಂಬರಿನದು ಇಷ್ಟು ಕೊಡಿ’ ಅನ್ನುತ್ತಾರೆ, ಹೆಸರು ಓದಲು ಬಾರದವರೂ ತಪ್ಪದೆ ಕೊಡಬಹುದು. ಅಪ್ಪಯ್ಯ, ಅಮ್ಮನ ಮಾತ್ರೆಗೂ ಹಾಗೇ ಮಾಡಿ. ಪುಟ್ಟಿ ಹತ್ತಿರ ಹೇಳಿ ಒಂದೊಂದು ಡಬ್ಬಿಗೂ ದಪ್ಪ ಅಕ್ಷರದಲ್ಲಿ ನಂಬರ್ ಅಂಟಿಸಿ, ಫೋಟೊ ತೆಗೆದು ಕಳಿಸಿ. ಬಿಪಿಯ ಕೆಲವು ಮಾತ್ರೆಗೆ ಕಾಲು ಬಾಯುವುದುಂಟು, ಡಾಕ್ಟರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ. ತಾನೇ ನಿಲ್ಲಿಸಿದರೆ ಅಪಾಯ. ತಲೆಸುತ್ತು ಬರುತ್ತಿದೆಯೋ, ಎದೆ ನೋವು ಇದೆಯೋ, ನೀವು ಬರೆದಿಲ್ಲ. ಮುಚ್ಚಿಡಬೇಡಿ. ಎದೆ ನೋವು ಇದ್ದರೆ ಸೋಮವಾರದವರೆಗೆ ಕಾಯುವುದು ಬೇಡ, ಜೀಪು ತೆಗೆದು ರಾತ್ರಿಯಾದರೂ ಶಿವಮೊಗ್ಗಕ್ಕೆ ಹೋಗಿ. ಇಸಿಜಿ, ರಕ್ತ ಪರೀಕ್ಷೆ, ಕಿಡ್ನಿಯದ್ದೂ ಮಾಡಿಸಿ. ದುಡ್ಡು ನಿಮ್ಮ ಖಾತೆಗೆ ಹಾಕಿದ್ದೇನೆ, ಅಡಿಕೆ ಮಾರುವವರೆಗೆ ತಡೆಯಬೇಡಿ. ಉಪ್ಪಿನಕಾಯಿ, ಹಪ್ಪಳ ಬಿಡಿಸಿ. ಬೆಳಿಗ್ಗೆ ಮತ್ತು ಸಂಜೆ ಬಿಪಿ ನೋಡಿ ಪುಟ್ಟಿಯ ಹತ್ತಿರ ಬರೆಸಿಡಿ.

ಅಮ್ಮನಿಗೆ ಹೇಳಿ, ನನಗೆ ಏನೂ ಆಗುವುದಿಲ್ಲ, ಖಂಡಿತ ಆಗುವುದಿಲ್ಲ. ಇಲ್ಲಿ ಇನ್ನೇನು ಚಳಿಗಾಲ ಶುರುವಾಗುತ್ತದೆ, ಸುಡುವ ಬಿಸಿಲೂ ಇಲ್ಲ. ಊಟ ಸರಿಯಾಗಿದೆ, ಅಕ್ಕಿ, ಬೇಳೆ, ಸಾರಿನ ಪುಡಿ ಎಲ್ಲ ಇದೆ. ಟಪಾಲಿನ ಹೊತ್ತಾಯಿತು. ಅತ್ತೆಗೆ, ಚಿಕ್ಕಪ್ಪನಿಗೆ ನಮಸ್ಕಾರ. ಡಾಕ್ಟರ್ ಏನೆಂದರು ಅಂತ ಅವತ್ತೇ ಮೆಸೇಜ್ ಹಾಕಿ, ಮರೆಯಬೇಡಿ.

ನಿಮ್ಮ ಮಗ,
ರಾಘು