ಅಳಿಯನಿಗೆ, ನಾಯಿ ತರುವ ಮೊದಲು

ಮುಧೋಳ

ಚಿರಂಜೀವಿ ಬಸವರಾಜನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ರಕ್ತದೊತ್ತಡ ಏರಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ, ನಾಯಿ ಸಾಕಿದರೆ ಇಳಿಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ನಮ್ಮೂರ ತಳಿಯ ಮರಿಯೊಂದನ್ನು ಕಳಿಸೆಂದು ನೀನು ಬರೆದ ಪತ್ರ ತಲುಪಿತು. ಹೇಳಿದವರ ಮಾತು ಸುಳ್ಳಲ್ಲ. ಆದರೆ ನಾಯಿ ನಮಗೆ ಕೊಡುವುದಕ್ಕಿಂತ ನಮ್ಮಿಂದ ಮಾಡಿಸಿಕೊಳ್ಳುವುದರಲ್ಲಿಯೇ ಆ ಆರೋಗ್ಯವಿದೆ ಎಂಬುದನ್ನು ಅವರು ನಿನಗೆ ತಿಳಿಸಿದಂತಿಲ್ಲ.

ನಿನ್ನ ಅತ್ತೆ ತೀರಿಕೊಂಡ ವರ್ಷ ನಾನು ಹೊರಸು ಬಿಟ್ಟು ಏಳುತ್ತಿರಲಿಲ್ಲ. ಅವಳು ಸಾಕಿದ್ದ ಬಾಳ್ಯಾ ನಸುಕಿನಲ್ಲಿ ನನ್ನ ಎಡಗಾಲಿನ ಚಪ್ಪಲಿಯೊಂದನ್ನೇ ಕಚ್ಚಿ ತಂದು ಹೊರಸಿನ ಬಳಿ ಹಾಕಿ, ಮೂತಿಯಿಂದ ನನ್ನ ಅಂಗೈಯನ್ನು ಎತ್ತುತ್ತಿತ್ತು. ಬಲಗಾಲಿನದನ್ನು ಹುಡುಕುವುದಕ್ಕಾದರೂ ನಾನು ಏಳಬೇಕಾಗುತ್ತಿತ್ತು. ಅಲ್ಲಿಂದ ಕಬ್ಬಿನ ಹೊಲಗಳ ಬದುವಿನ ಮೇಲೆ ಘಟಪ್ರಭೆಯ ದಂಡೆಯವರೆಗೆ ನಡಿಗೆ. ದಾರಿಯಲ್ಲಿ ನಾಯಿಯ ನೆಪದಿಂದ ನಾಲ್ಕು ಜನ ಮಾತನಾಡಿಸುತ್ತಿದ್ದರು, ನುಚ್ಚು ಹಾಕುತ್ತೀರೋ ರೊಟ್ಟಿ ಹಾಕುತ್ತೀರೋ ಎಂದು ಕೇಳುತ್ತಿದ್ದರು. ಆರು ತಿಂಗಳಲ್ಲಿ ನನ್ನ ಸಕ್ಕರೆಯ ಪ್ರಮಾಣ ಇಳಿಯಿತು. ಗುಳಿಗೆಗಳನ್ನೂ ತಪ್ಪದೆ ನುಂಗುತ್ತಿದ್ದೆನಾದ್ದರಿಂದ ಪೂರ್ತಿ ಶ್ರೇಯಸ್ಸನ್ನು ನಾಯಿಗೆ ಕೊಡಲಾರೆ.

1980ರಲ್ಲಿ ಅಮೆರಿಕದ ಸಂಶೋಧಕರು 92 ಹೃದ್ರೋಗಿಗಳ ಒಂದು ವರ್ಷದ ಸ್ಥಿತಿಯನ್ನು ಪ್ರಕಟಿಸಿದರು. ಸಾಕುಪ್ರಾಣಿಯಿದ್ದ 53 ಜನರಲ್ಲಿ 3 ಜನ, ಇಲ್ಲದ 39 ಜನರಲ್ಲಿ 11 ಜನ ಅಷ್ಟರೊಳಗೆ ತೀರಿಕೊಂಡಿದ್ದರು. ಅಷ್ಟು ಸಣ್ಣ ಗುಂಪಿನಿಂದ ದೊಡ್ಡ ತೀರ್ಮಾನ ಸಲ್ಲದು. ಅಮೆರಿಕದ ಹೃದಯ ಸಂಘವು 2013ರಲ್ಲಿ, ನಾಯಿ ಸಾಕುವುದರಿಂದ ಹೃದ್ರೋಗದ ಅಪಾಯ ತಗ್ಗಬಹುದು, ಆದರೆ ಕೇವಲ ಅದಕ್ಕಾಗಿ ಪ್ರಾಣಿಯನ್ನು ಮನೆಗೆ ತರಬಾರದು ಎಂದು ಹೇಳಿತು. ನನಗೆ ಈ ಎರಡನೆಯ ಮಾತೇ ಹೆಚ್ಚು ಹಿಡಿಸಿತು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂಥ ಮಧ್ಯಮ ಶ್ರಮದ ಚಟುವಟಿಕೆ ಬೇಕೆನ್ನುತ್ತದೆ. ದಿನಕ್ಕೆರಡು ಸಲ ಕಾಲು ಗಂಟೆಯಂತೆ ನಾಯಿಯನ್ನು ಹೊರಗೆ ಕರೆದೊಯ್ದರೆ 210 ನಿಮಿಷವಾಗುತ್ತದೆ.

ಇನ್ನು ತಳಿಯ ಮಾತು. ಮುಧೋಳದ ನಾಯಿ ಕಣ್ಣಿನಿಂದ ಬೇಟೆ ಗುರುತಿಸಿ ಬೆನ್ನಟ್ಟುವ ಜಾತಿಯದು. ಬೆಳಗಾವಿ ಟಿಳಕವಾಡಿಯ ನಿನ್ನ ಎರಡು ಕೋಣೆಯ ಮನೆಯಲ್ಲಿ ಅದನ್ನು ಕಟ್ಟಿಹಾಕಿದರೆ ನಿನ್ನ ಒತ್ತಡ ಇಳಿಯುವ ಮೊದಲು ಅದರದು ಏರುತ್ತದೆ. ನಿಮ್ಮ ಓಣಿಯ ಬೀದಿಮರಿಯೇ ಸಾಕು. ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ಪಶುವೈದ್ಯರು ಹೇಳಿದಂತೆ ಮತ್ತೆ ಲಸಿಕೆ, ನಡುನಡುವೆ ಜಂತುಹುಳದ ಔಷಧ, ಇವು ತಪ್ಪಕೂಡದು. ಒಮ್ಮೆ ಪರನಾಯಿ ಕಚ್ಚಿದಾಗ ನಾನು ಗಾಯಕ್ಕೆ ಸುಣ್ಣ ಮೆತ್ತಿಕೊಂಡು ಹೋಗಿ ವೈದ್ಯರಿಂದ ಬೈಸಿಕೊಂಡೆ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಲಸಿಕೆಗೆ ಓಡಬೇಕಿತ್ತು.

ಸದ್ಯ ಗುಳಿಗೆ ನಿಲ್ಲಿಸಬೇಡ. ಮುಂದಿನ ಹದಿನೈದು ದಿನ ನಾಯಿಯಿಲ್ಲದೆಯೇ ನಸುಕಿನಲ್ಲಿ ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಹೋಗಿ ನಡೆದು ಬಾ. ಒಂದು ದಿನವೂ ತಪ್ಪದಿದ್ದರೆ ತಿಳಿಸು, ನಾನೇ ಬೆಳಗಾವಿಗೆ ಬಂದು ನಿನ್ನೊಡನೆ ಮರಿ ಹುಡುಕುತ್ತೇನೆ.

ಇಂತಿ,
ನಿನ್ನ ಸೋದರಮಾವ