ಸಂಕ್ರಾಂತಿ ಮರಿಗಳಿಗೆ ಮನೆ ಕೊಟ್ಟವರಿಗೆ

ಎಲ್ಲರಿಗೂ ನಮಸ್ಕಾರ.

ಬೀದಿಯಲ್ಲಿ ಸಿಕ್ಕ ನಾಯಿ, ಬೆಕ್ಕುಗಳಿಗೆ ಮನೆ ಹುಡುಕುವುದು ಮೈಸೂರಿನ ನಮ್ಮ ಪುಟ್ಟ ಗುಂಪಿನ ಕೆಲಸ. ಯಾವ ತಿಂಗಳು ಯಾವ ಪ್ರಚಾರ, ಯಾವಾಗ ದತ್ತು ಕೊಡುವ ಕ್ಯಾಂಪ್, ಯಾವಾಗ ಏನೂ ಮಾಡದೆ ಸುಮ್ನೆ ಇರಬೇಕು ಅಂತ ಕಳೆದ ಯುಗಾದಿಯಲ್ಲೇ ಕೂತು ಬರೆದಿಟ್ಟುಕೊಂಡಿದ್ದೆವು. ಈ ಯುಗಾದಿಗೆ ಅದು ಒಂದು ಸುತ್ತು ಮುಗಿದಿದೆ. ಸಂಕ್ರಾಂತಿ ಕ್ಯಾಂಪಿಗೆ ಬಂದಿದ್ದ ಮರಿಗಳಲ್ಲಿ ಕೊನೆಯದೂ ಮೊನ್ನೆ ಮನೆ ಸೇರಿತು. ಇದಕ್ಕೆ ಕೈ ಜೋಡಿಸಿದವರಿಗೆ ಥ್ಯಾಂಕ್ಸ್ ಹೇಳದೆ ಮುಂದಿನ ವರ್ಷದ ಕೆಲಸ ಶುರು ಮಾಡಲು ಮನಸ್ಸು ಬರುತ್ತಿಲ್ಲ.

ಮೊದಲ ನಮಸ್ಕಾರ ನಮ್ಮ ಡಾಕ್ಟ್ರಿಗೆ. ಕ್ಯಾಂಪನ್ನು ದೀಪಾವಳಿಗೆ ಇಡಿ, ಜನರ ಕೈಯಲ್ಲಿ ಬೋನಸ್ ಇರುತ್ತದೆ, ಮನೆಯಲ್ಲಿ ಖುಷಿ ಇರುತ್ತದೆ ಅಂತ ಹಲವರು ಹೇಳಿದ್ದರು. ಡಾಕ್ಟ್ರು ಔಷಧಿ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದರು. ನಮ್ಮ ಕಡೆ ಬೀದಿ ನಾಯಿಗಳು ಹೆಚ್ಚಾಗಿ ಗಬ್ಬ ಕಟ್ಟುವುದು ಮಳೆಗಾಲ ಮುಗಿಯುತ್ತಾ ಬಂದಾಗ. ಮರಿ ಹಾಕಲು ಸುಮಾರು 63 ದಿನ ಬೇಕು. ಅಲ್ಲಿಗೆ ನವೆಂಬರ್, ಡಿಸೆಂಬರ್ ಚಳಿ. ಮರಿ 8 ವಾರವಾದರೂ ತಾಯಿ ಜೊತೆ ಇರಬೇಕು. ಮೊದಲ ಲಸಿಕೆ ಬೀಳುವುದೂ 6ರಿಂದ 8 ವಾರದ ಒಳಗೆ. ಲೆಕ್ಕ ಹೋಗಿ ನಿಂತಿದ್ದು ಜನವರಿಯಲ್ಲಿ. "ದೀಪಾವಳಿಗೆ ಬೇಡಮ್ಮ, ಸಂಕ್ರಾಂತಿಗೆ ಇಡಿ" ಅಂದರು. ನಮ್ಮ ಇಡೀ ವರ್ಷ ಆ ಚೀಟಿಯ ಮೇಲೆ ನಿಂತಿತು.

ದಸರಾ ಶುರುವಾದಾಗಿನಿಂದ ದೀಪಾವಳಿ ಕಳೆಯುವವರೆಗೆ ಯಾವ ಮರಿಯನ್ನೂ ಯಾರಿಗೂ ಕೊಡುವುದಿಲ್ಲ ಎಂದು ನಿಯಮ ಮಾಡಿಕೊಂಡೆವು. ದಸರಾಕ್ಕೆ ಮೈಸೂರಿನ ಮನೆಗಳು ಹೇಗಿರುತ್ತವೆ ಗೊತ್ತಲ್ವಾ? ನೆಂಟರು, ಮಕ್ಕಳು, ಸದಾ ತೆರೆದಿರುವ ಗೇಟು. ಆಮೇಲೆ ಪಟಾಕಿ. ಹೆದರಿ ಓಡಿದ ಹೊಸ ಮರಿಗೆ ವಾಪಸ್ ಬರುವ ದಾರಿಯೂ ಗೊತ್ತಿರುವುದಿಲ್ಲ. ಆ ದಿನಗಳಲ್ಲಿ ದತ್ತಿನ ಬದಲು ಬೇರೆ ಮಾತೇ ಹಂಚಿದೆವು. ಸಾಕಿದ ನಾಯಿಯ ಕೊರಳಪಟ್ಟಿಗೆ ಫೋನ್ ನಂಬರ್ ಹಾಕಿ. ಕತ್ತಲಾಗುವ ಮುಂಚೆ ವಾಕಿಂಗ್ ಮುಗಿಸಿ. ಪಟಾಕಿ ಹೊತ್ತಿನಲ್ಲಿ ಒಳಗಿನ ಕೋಣೆಯಲ್ಲಿ ಬಿಟ್ಟು ಫ್ಯಾನ್, ಟಿವಿ ಹಾಕಿಡಿ. ಕಾಗದದ ಖರ್ಚು ಮಾತ್ರ ತಗೊಂಡು ಕರಪತ್ರ ಮಾಡಿಕೊಟ್ಟ ಪ್ರೆಸ್ ಅಣ್ಣನಿಗೆ ದೊಡ್ಡ ನಮಸ್ಕಾರ. ನಮ್ಮ ಬೀದಿಯ ಟೈಲರ್ ಅಕ್ಕ ಅಳಿದುಳಿದ ಬಟ್ಟೆ ತುಂಡುಗಳಿಗೆ ಹೊಳೆಯುವ ಟೇಪ್ ಇಟ್ಟು ಬೀದಿ ನಾಯಿಗಳಿಗೆ ಕೊರಳಪಟ್ಟಿ ಹೊಲಿದರು. ಬಟ್ಟೆಯ ಮಧ್ಯೆ ಒಂದಿಷ್ಟು ಎಲಾಸ್ಟಿಕ್ ಕೂಡ ಸೇರಿಸಿದರು, ಎಲ್ಲಾದರೂ ಸಿಕ್ಕಿಕೊಂಡರೆ ನಾಯಿ ತಲೆ ಬಿಡಿಸಿಕೊಳ್ಳಲಿ ಅಂತ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನವರಾತ್ರಿಯಲ್ಲೇ ಮರಿ ಬೇಕು ಅಂತ ಫೋನ್ ಮಾಡಿ, "ಜನವರಿವರೆಗೆ ಕಾಯಬೇಕು" ಅಂದಾಗ ಬೇಜಾರಾಗದೆ ಕಾದ ಮನೆಗಳಿವೆ. ದುಡ್ಡು ಕೊಟ್ಟರೆ ನಾಳೆಯೇ ಜಾತಿ ನಾಯಿ ಮರಿ ಸಿಗುವ ಊರಿನಲ್ಲಿ ನೀವು ನಾಟಿ ಮರಿಗೋಸ್ಕರ ತಿಂಗಳುಗಟ್ಟಲೆ ಕಾದಿರಿ. ಅದು ನಮಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಪಾರ್ವೋ ಬಂತು. ನಾಯಿ ಸಾಕಿದವರಿಗೆ ಈ ಹೆಸರು ಕೇಳಿದರೆ ಸಾಕು. ವಾಂತಿ, ರಕ್ತ ಬೇಧಿ, ಒಂದೆರಡು ದಿನದಲ್ಲೇ ಮರಿ ಒಣಗಿಹೋಗುತ್ತದೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನೈಲ್‌ಗೆ ಬಗ್ಗುವುದಿಲ್ಲ, ಬ್ಲೀಚಿಂಗ್ ನೀರಿನಲ್ಲೇ ತೊಳೆಯಬೇಕು. ಕಾಯಿಲೆ ಬಿದ್ದ ಮರಿಗಳನ್ನು ಬೇರೆ ಇಡಲು ಜಾಗವಿಲ್ಲದೆ ಒದ್ದಾಡುತ್ತಿದ್ದಾಗ, ರಿಟೈರ್ ಆದ ಒಬ್ಬ ಮೇಷ್ಟ್ರು ಮತ್ತು ಅವರ ಮನೆಯವರು ತಮ್ಮ ಹಿತ್ತಿಲ ಬಚ್ಚಲುಮನೆ ಬಿಟ್ಟುಕೊಟ್ಟರು. ಬಟ್ಟೆ ಒಣಹಾಕುವ ತಂತಿಗೆ ಡ್ರಿಪ್ ಬಾಟಲಿ ಕಟ್ಟಿದ್ದರು. ಕೆಳಗೆ ಗೋಣಿಚೀಲ, ಅದರ ಮೇಲೆ ಹಳೇ ಸೀರೆ, ಪಕ್ಕದಲ್ಲಿ ಬಿಸಿನೀರು ತುಂಬಿ ಟವೆಲ್ ಸುತ್ತಿದ ಬಾಟಲಿ. ಗೋಡೆಗೆ ಹಳೇ ಡೈರಿಯ ಹಾಳೆ ಅಂಟಿಸಿ, ಯಾವ ಮರಿಗೆ ಎಷ್ಟು ಹೊತ್ತಿಗೆ ಏನು ಕೊಟ್ಟಿದ್ದು, ವಾಂತಿ ಆಯಿತೋ ಇಲ್ಲವೋ ಅಂತ ಇಬ್ಬರೂ ಸರದಿಯಲ್ಲಿ ಬರೆದಿದ್ದರು. ರಾತ್ರಿ ಎರಡು ಗಂಟೆಯ ಸಾಲುಗಳೂ ಅದರಲ್ಲಿದ್ದವು. ಎಲ್ಲ ಮರಿಗಳೂ ಉಳಿಯಲಿಲ್ಲ. ಉಳಿದವು ಉಳಿದದ್ದು ಅವರಿಬ್ಬರಿಂದ. ಮೇಷ್ಟ್ರೇ, ಅಮ್ಮ, ನಿಮ್ಮ ಋಣ ದೊಡ್ಡದು.

ಇನ್ನು ಧನುರ್ಮಾಸ. ಶುಭಕಾರ್ಯ ಮಾಡದ ತಿಂಗಳು ಅಂತ ಮನೆಗೆ ಹೊಸದಾಗಿ ಏನನ್ನೂ ತರಲು ಜನ ಹಿಂಜರಿಯುತ್ತಾರೆ. ಆದರೆ "ಸಂಕ್ರಾಂತಿವರೆಗೆ ಮಾತ್ರ ಒಂದು ಮರಿ ನೋಡಿಕೊಳ್ಳಿ" ಅಂತ ಕೇಳಿದರೆ ಒಪ್ಪುತ್ತಾರೆ. ಹಾಗೆ ಒಪ್ಪಿದ ಮನೆಗಳು ಇಲ್ಲದಿದ್ದರೆ ಚಳಿಯಲ್ಲಿ ಮರಿಗಳನ್ನು ಎಲ್ಲಿಡುತ್ತಿದ್ದೆವೋ ಗೊತ್ತಿಲ್ಲ. ಕೆಲವರಂತೂ ಸಂಕ್ರಾಂತಿ ಕಳೆದ ಮೇಲೆ ಮರಿ ವಾಪಸ್ ಕೊಡಲೇ ಇಲ್ಲ. ಅವರಿಗೆ ಎರಡು ಪಟ್ಟು ಥ್ಯಾಂಕ್ಸ್.

ಕಪ್ಪು ಮರಿಗಳ ಬಗ್ಗೆ ಹೇಳಲೇಬೇಕು. ಕಪ್ಪು ಮರಿಗೆ ಮನೆ ಸಿಗುವುದು ಯಾವಾಗಲೂ ತಡ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಕಣ್ಣೂ ಕಾಣುವುದಿಲ್ಲ, ಮೂಗೂ ಕಾಣುವುದಿಲ್ಲ. ಇಲ್ಲಿನ ಕಾವಾ ಕಲಾ ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಬಂದು ಇದನ್ನು ಬದಲಾಯಿಸಿದ. ಫ್ಲ್ಯಾಶ್ ಹಾಕಲೇ ಇಲ್ಲ. ಹಳದಿ ಬೆಡ್‌ಶೀಟ್ ಹಾಸಿ, ಕಿಟಕಿಯ ಪಕ್ಕ ಮರಿಯನ್ನು ಕೂರಿಸಿ, ತಾನು ನೆಲದ ಮೇಲೆ ಬೋರಲು ಮಲಗಿ ಅದರ ಕಣ್ಣಿನ ಮಟ್ಟದಿಂದ ಫೋಟೋ ತೆಗೆದ. ಕಿಟಕಿಯ ಬೆಳಕು ಎರಡೂ ಕಣ್ಣಿನಲ್ಲಿ ಚುಕ್ಕಿಯಂತೆ ಬಿದ್ದಿತ್ತು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡು. ಆ ಫೋಟೋ ಎಷ್ಟು ಜನರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಓಡಾಡಿತೋ! ಸಂಕ್ರಾಂತಿ ಕ್ಯಾಂಪಿನಲ್ಲಿ ಮೊದಲು ಹೋಗಿದ್ದು ಅದೇ ಮರಿ. ಚೆನ್ನಾಗಿರಪ್ಪ, ನಿನ್ನ ಕೆಲಸ ದೊಡ್ಡದಾಗಲಿ.

ಹೆಣ್ಣು ಮರಿ ಬೇಡ ಅನ್ನುವವರು ಈ ಸಲವೂ ಇದ್ದರು. ಎಲ್ಲರೂ ಹೇಳುವ ಕಾರಣ ಒಂದೇ, ಮುಂದೆ ಮರಿ ಹಾಕಿದರೆ ಯಾರು ನೋಡುವುದು? ಆ ಭಯ ನಿಜವಾದದ್ದು. ಅದಕ್ಕೆ ಸಂಕ್ರಾಂತಿ ಕ್ಯಾಂಪಿನ ನಮ್ಮ ಒಂದೇ ಒಂದು ಕೊಡುಗೆ ಹೀಗಿತ್ತು: ಹೆಣ್ಣು ಮರಿ ತಗೊಂಡರೆ, ಅದು ದೊಡ್ಡದಾದ ಮೇಲೆ ಸಂತಾನಹರಣ ಆಪರೇಷನ್ ಖರ್ಚು ನಮ್ಮದು. ಆ ದುಡ್ಡು ನಮ್ಮದಲ್ಲ, ಕೊಟ್ಟವರು ನೀವು. ಮೆಡಿಕಲ್ ಶಾಪಿನವರು ಗಲ್ಲಾ ಪಕ್ಕ ಡಬ್ಬಿ ಇಟ್ಟರು. ಹುಟ್ಟುಹಬ್ಬದ ದುಡ್ಡು ತಂದುಕೊಟ್ಟ ಶಾಲೆ ಮಕ್ಕಳಿದ್ದಾರೆ. ದುಬೈಯಿಂದ ಒಬ್ಬರು ತಮ್ಮ ಅಮ್ಮನ ನೆನಪಿಗೆ ಅಂತ ಕಳಿಸಿದರು. ನನ್ನ ಕೇಳಿದರೆ, ಫ್ಲೆಕ್ಸಿಗೂ ರೀಲ್ಸಿಗೂ ಹಾಕುವ ದುಡ್ಡನ್ನು ಇದಕ್ಕೆ ಹಾಕಿದ್ದೇ ವರ್ಷದ ಒಳ್ಳೆಯ ತೀರ್ಮಾನ. ಹೆಣ್ಣು ಮರಿಗಳೆಲ್ಲ ಮನೆ ಸೇರಿವೆ.

ಕ್ಯಾಂಪಿನ ದಿನ ಫಾರ್ಮ್ ತುಂಬಿಸುವ ಮೇಜಿನಲ್ಲಿ ಕೂತ ಅಕ್ಕಂದಿರಿಗೂ ಥ್ಯಾಂಕ್ಸ್. ಬಾಡಿಗೆ ಮನೆಯಾ, ಓನರ್ ಒಪ್ಪಿದ್ದಾರಾ, ಊರಿಗೆ ಹೋದಾಗ ಯಾರು ನೋಡುತ್ತಾರೆ ಅಂತ ಕೇಳಿದ್ದನ್ನೇ ಕೇಳುತ್ತಾ, ಬೈಸಿಕೊಂಡರೂ ನಗುತ್ತಾ ಕೂತಿದ್ದರು. ಎಳ್ಳು ಬೆಲ್ಲ ಬೀರಲು ಹೋಗಬೇಕಾದ ಹೊತ್ತಿನಲ್ಲಿ ಅಲ್ಲಿದ್ದರು. ಮೂರು ತಿಂಗಳಿಗೆ ರೇಬೀಸ್ ಇಂಜೆಕ್ಷನ್ ಹಾಕಿಸಿದಿರಾ ಅಂತ ಈಗ ಮನೆ ಮನೆಗೂ ಫೋನ್ ಮಾಡುತ್ತಿರುವವರೂ ಇವರೇ.

ಬೇಸಿಗೆಯಲ್ಲಿ ನೀರಿನ ಬಟ್ಟಲು ಇಟ್ಟವರಿಗೆ, ಬೆಕ್ಕಿನ ಮರಿಗಳ ಕಾಲದಲ್ಲಿ ರಾತ್ರಿಯೆಲ್ಲ ಹಾಲು ಕುಡಿಸಿದವರಿಗೆ ಬೇರೆ ಬೇರೆಯಾಗಿ ಫೋನ್ ಮಾಡುತ್ತೇನೆ. ಇಲ್ಲಿ ಬರೆದರೆ ಮುಗಿಯುವುದಿಲ್ಲ.

ಕೊನೆಗೆ ನಮ್ಮ ಆಟೋ ಅಣ್ಣ. ಆಷಾಢದಲ್ಲಿ ಹೊಸದೇನೂ ಮನೆಗೆ ಬೇಡ ಅನ್ನುವ ಜನರ ಜೊತೆ ನಾವು ವಾದಕ್ಕೆ ಇಳಿಯಲಿಲ್ಲ. ನಾಯಿಗಳು ಕೂಡುವ ಕಾಲ ಬರುವ ಮುಂಚಿನ ತಿಂಗಳು ಅದು, ಆಪರೇಷನ್ನಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಬೀದಿಯ ಹೆಣ್ಣು ನಾಯಿಗಳನ್ನು ಮಾನ್ಯತೆ ಇರುವ ಕೇಂದ್ರಕ್ಕೆ ಕರೆದೊಯ್ದು, ಆಪರೇಷನ್ ಆಯಿತು ಅಂತ ಕಿವಿ ತುದಿಗೆ ಗುರುತು ಬಿದ್ದ ಮೇಲೆ ಹಿಡಿದ ಜಾಗದಲ್ಲೇ ವಾಪಸ್ ಬಿಟ್ಟು ಬಂದವರು ಈ ಅಣ್ಣ. ಬೀದಿ ನಾಯಿಗಳ ಆಪರೇಷನ್ ಬಗ್ಗೆ ಕೇಂದ್ರ ಸರ್ಕಾರದ 2023ರ ನಿಯಮ ಹೇಳಿದ್ದೂ ಅದೇ, ಎಲ್ಲಿಂದ ತಂದಿರೋ ಅಲ್ಲಿಗೇ ಬಿಡಬೇಕು. ಯಾವ ನಾಯಿ ಯಾವ ತಿರುವಿನದು ಅಂತ ಅವರಿಗೆ ಬಾಯಿಪಾಠ.

ಈ ಆಷಾಢದ ಪಟ್ಟಿ ಶುರು ಮಾಡಿದ್ದೇವೆ. ನಿಮ್ಮ ಬೀದಿಯಲ್ಲಿ ಕಿವಿಗೆ ಗುರುತಿಲ್ಲದ ಹೆಣ್ಣು ನಾಯಿ ಇದ್ದರೆ, ಅದಕ್ಕೆ ದಿನಾ ಅನ್ನ ಹಾಕುವವರು ಯಾರು ಅನ್ನುವುದನ್ನೂ ಸೇರಿಸಿ ನಮಗೆ ತಿಳಿಸಿ. ಅವರ ಕೈಗೆ ಬರುವಷ್ಟು ಸುಲಭವಾಗಿ ಅದು ನಮ್ಮ ಕೈಗೆ ಬರುವುದಿಲ್ಲ. ಆಟೋ ಅಣ್ಣ ರೆಡಿ ಇದ್ದಾರೆ.