ಬ್ಯಾಂಟಮ್ ರಸ್ತೆಗಿಳಿಯಿತು, ಎಲ್ಲರಿಗೂ ಥ್ಯಾಂಕ್ಸ್

ನಮ್ಮ 1951ರ ಹಳೇ ಬೈಕು ಬಿಎಸ್‌ಎ ಬ್ಯಾಂಟಮ್ ರಿಪೇರಿಯಾಗಿ ಕೊನೆಗೂ ಬರ್ಮಿಂಗ್‌ಹ್ಯಾಮಿನ ರಸ್ತೆಗೆ ಇಳಿದಿದೆ. ಒಬ್ಬನಿಂದ ಆಗುವ ಕೆಲಸವಲ್ಲ ಇದು. ಅದಕ್ಕೇ ಈ ನಾಲ್ಕು ಮಾತು.

ಮೊದಲ ನಮಸ್ಕಾರ ಪಕ್ಕದ ಬೀದಿಯ ಹಿರಿಯರಿಗೆ. ಹುಡುಗರಾಗಿದ್ದಾಗ ಇಲ್ಲಿನ ಸ್ಮಾಲ್ ಹೀತ್ ಬಡಾವಣೆಯ ಬಿಎಸ್‌ಎ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಇದೇ ಊರಿನ ಬಂದೂಕು ಕಸುಬಿನವರು 1861ರಲ್ಲಿ ಸೇರಿ ಕಟ್ಟಿದ ಕಂಪನಿ ಅದು. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕು ಅದರ ಗುರುತು. 1940ರ ನವೆಂಬರಿನಲ್ಲಿ ಜರ್ಮನ್ ಬಾಂಬ್ ಬಿದ್ದು 53 ಕೆಲಸಗಾರರು ಅಲ್ಲೇ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಯುದ್ಧ ಪರಿಹಾರದ ಲೆಕ್ಕದಲ್ಲಿ ಬಿಎಸ್‌ಎಗೆ ಬಂದದ್ದು ಜರ್ಮನಿಯ ಡಿಕೆಡಬ್ಲ್ಯು ಆರ್‌ಟಿ 125 ಬೈಕಿನ ನಕ್ಷೆ. ಬ್ಯಾಂಟಮ್ ಹುಟ್ಟಿದ್ದು ಅದರಿಂದಲೇ. ಗೇರ್ ಬ್ರಿಟಿಷರ ರೂಢಿಯಂತೆ ಬಲಗಾಲಿಗೆ ಸಿಗಲೆಂದು ಎಂಜಿನ್ನನ್ನೇ ಎಡಬಲ ಅದಲುಬದಲು ಮಾಡಿದರು. ನಮ್ಮ ಎಂಜಿನ್ ಬೆಂಚಿನ ಮೇಲಿಟ್ಟು, ಜರ್ಮನ್ ಗಾಡಿಯ ಫೋಟೊ ಪಕ್ಕಕ್ಕೆ ಹಿಡಿದು ಆ ಹಿರಿಯರು ಅದನ್ನು ತೋರಿಸಿದ ಸಂಜೆ ನನಗೆ ಮರೆಯುವುದಿಲ್ಲ. 1948ರಲ್ಲಿ ಬಂದ ಈ 123 ಸಿಸಿ ಗಾಡಿಯಲ್ಲೇ ಟೆಲಿಗ್ರಾಂ ಹುಡುಗರು ಬೀದಿಬೀದಿ ಸುತ್ತಿದ್ದು. ಎಷ್ಟೋ ಕೂಲಿಕಾರರ ಮೊದಲ ಗಾಡಿಯೂ ಇದೇ. ದೊಡ್ಡ ಬೈಕುಗಳ ಗುಂಗಿನಲ್ಲಿ ಇಂಥದ್ದು ಮರೆತೇ ಹೋಗುತ್ತದೆ, ಅಲ್ವಾ? ಬಿಎಸ್‌ಎ ಮಾಡಿದ್ದರಲ್ಲಿ ನನಗಂತೂ ಇದೇ ಜಾಸ್ತಿ ಇಷ್ಟ.

ಆಮೇಲೆ ಮೈಸೂರಿನ ಮಾವ. ಅಲ್ಲಿನ ಬೈಕ್ ಕಾರ್ಖಾನೆ ಐಡಿಯಲ್ ಜಾವಾದಲ್ಲಿ ದುಡಿದ ಕೈ. ಗಾಡಿ ಸ್ಟಾರ್ಟ್ ಆಗುತ್ತಿತ್ತು, ಬಿಸಿಯಾದ ಕೂಡಲೇ ನಿಲ್ಲುತ್ತಿತ್ತು. ಎಲ್ಲರೂ ಕಾರ್ಬೊರೇಟರ್ ಎಂದರು. ಮಾವ ಫೋನಿನಲ್ಲೇ ಸದ್ದು ಕೇಳಿ, "ಕ್ರ್ಯಾಂಕ್ ಸೀಲ್ ಹೋಗಿದೆ ಕಣೋ, ಗಾಳಿ ಎಳೀತಿದೆ" ಎಂದರು. ಇಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಗಿನ ಪೆಟ್ಟಿಗೆಯ ಮೂಲಕವೇ ಮೇಲೆ ಹೋಗಬೇಕು. ಅದರ ಸಂದು ಮುಚ್ಚುವ ಸೀಲ್ ಸವೆದರೆ ಬೇಡದ ಗಾಳಿ ಸೇರಿ ಎಲ್ಲ ಕೆಡುತ್ತದೆ. ಸೀಲ್ ಬದಲಾಯಿಸಿದೆವು, ಎಂಜಿನ್ ಒಂದೇ ಸಮನೆ ಓಡಿತು.

ಟೂಲ್‌ಬಾಕ್ಸಿನ ಹಿಂದೆ ಉಗುರಗಲ ಉಳಿದಿದ್ದ ಮೂಲ ಬಣ್ಣ ನೋಡಿ ಅದೇ ತಿಳಿಹಸಿರನ್ನು ಕೈಯಾರೆ ಬೆರೆಸಿಕೊಟ್ಟ ಪೇಂಟರ್ ಗೆಳೆಯನಿಗೆ ಎಷ್ಟು ಹೇಳಿದರೂ ಕಡಿಮೆಯೇ. ಬೇರಿಂಗ್ ಬಿಚ್ಚಲು ಕ್ರ್ಯಾಂಕ್‌ಕೇಸನ್ನು ಅಡುಗೆಮನೆಯ ಓವನ್ನಿನಲ್ಲೇ ಬಿಸಿಮಾಡಲು ಬಿಟ್ಟವಳು ನನ್ನ ಹೆಂಡತಿ. ಅವಳ ಋಣ ದೊಡ್ಡದು.

ಮಾವ, ಬೇಸಿಗೆಗೆ ಇಲ್ಲಿಗೆ ಬರುತ್ತೇನೆ ಎಂದಿದ್ದೀರಿ. ಬನ್ನಿ, ಬೀಗದ ಕೈ ಕೇಳಬೇಡಿ, ಈ ಗಾಡಿಗೆ ಅದೇ ಇಲ್ಲ. ಸುಮ್ನೆ ಒಂದು ಕಿಕ್ ಹೊಡೆದು ಹೊರಡಿ.